ಶೂ ಹೊಸದು, ಡ್ರಮ್ ಕೂರುತ್ತಿಲ್ಲ: 1971ರ ಅಂಬಾಸಿಡರ್ ಬ್ರೇಕ್ ಬಗ್ಗೆ ಒಂದು ಉತ್ತರ

ಪ್ರಶ್ನೆ: ಸರ್, ನಮ್ಮದು ಸಾಗರ. ಅಪ್ಪ ಕೊಂಡಿದ್ದ 1971ರ ಅಂಬಾಸಿಡರ್ ಮಾರ್ಕ್ 2 ಮನೆಯಲ್ಲಿದೆ. ಅಪ್ಪ ಹೋದ ಮೇಲೆ ಆರು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಈಗ ಎಂಜಿನ್ ಚೆನ್ನಾಗಿ ಓಡುತ್ತಿದೆ, ಬ್ರೇಕ್ ಮಾತ್ರ ಸರಿಯಿಲ್ಲ. ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ, ಎರಡು ಸಲ ತುಳಿದರೆ ಮೇಲೆ ಬರುತ್ತದೆ. ಬ್ರೇಕ್ ಹಾಕಿದರೆ ಕಾರು ಎಡಕ್ಕೆ ಎಳೆಯುತ್ತಿತ್ತು. ಗ್ಯಾರೇಜಿನವರು ಎಡಗಡೆ ಮುಂದಿನ ಚಕ್ರ ಬಿಚ್ಚಿ, ಲೈನರ್ ಸವೆದಿದೆ ಎಂದು 'ಅಂಬಾಸಿಡರ್ ಶೂ' ತರಿಸಿದರು. ಶೂ ಹಾಕಿದ ಮೇಲೆ ಡ್ರಮ್ ಕೂರಲಿಲ್ಲ. ಲೈನರ್ ತುದಿಗಳನ್ನು ಅರದಿಂದ ಉಜ್ಜಿ ಹೇಗೋ ಕೂರಿಸಿದರು. ಈಗ ಎಡಕ್ಕೆ ಎಳೆಯುವುದು ಇನ್ನೂ ಜಾಸ್ತಿಯಾಗಿದೆ. ಮನೆ ಮುಂದಿನ ಏರಿನಲ್ಲಿ ಕಾರು ಹಿಂದಕ್ಕೆ ಜಾರಿದರೆ ಬ್ರೇಕ್ ಹಿಡಿಯುವುದೇ ಕಷ್ಟ. ಒಬ್ಬರು ಹಳೆ ಕಲ್ನಾರಿನ (ಆಸ್ಬೆಸ್ಟಾಸ್) ಲೈನರೇ ಬೇಕು ಎನ್ನುತ್ತಾರೆ. ಇನ್ನೊಬ್ಬರು ಡಿಸ್ಕ್ ಬ್ರೇಕ್ ಹಾಕಿಸಿಬಿಡಿ ಎನ್ನುತ್ತಾರೆ. ಮತ್ತೊಬ್ಬರು ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಿ ಎನ್ನುತ್ತಾರೆ. ಮುಂದಿನ ತಿಂಗಳು ಅಮ್ಮನನ್ನು ಕೂರಿಸಿಕೊಂಡು ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರಕ್ಕೆ ಹೋಗುವ ಆಸೆ. ಸರಿಯಾದ ಶೂ ಎಲ್ಲಿ ಸಿಗುತ್ತದೆ? ಇದನ್ನು ನಾನೇ ಮನೆಯಲ್ಲಿ ಮಾಡಬಹುದಾ?

ಉತ್ತರ: ಮೊದಲು ಒಂದು ಮಾತು. ಈಗಿರುವ ಸ್ಥಿತಿಯಲ್ಲಿ ಈ ಕಾರನ್ನು ರಸ್ತೆಗೆ ತೆಗೆಯಬೇಡಿ. ಪೇಟೆಯ ತನಕವೂ ಬೇಡ. ಮುಂದಿನ ಒಂದು ಚಕ್ರಕ್ಕೆ ಹೊಸ ಲೈನರ್, ಇನ್ನೊಂದಕ್ಕೆ ಹಳೆಯದು ಇರುವ ಕಾರು ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ತುಳಿದರೆ ಅಡ್ಡ ತಿರುಗಬಹುದು. ಹೆದರಿಸಲು ಹೇಳುತ್ತಿಲ್ಲ. ನಿಮ್ಮ ಕಾರಿಗೆ ಆಗಿರುವುದೆಲ್ಲ ಸರಿಪಡಿಸಬಹುದಾದ ಕೆಲಸವೇ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹಳೆ ಕಾರುಗಳ ಬ್ರೇಕ್ ಕೆಲಸ ಮಾಡಿದ್ದೇನೆ. ನೀವು ಬರೆದಿರುವ ಒಂದೊಂದು ತೊಂದರೆಗೂ ಕಾರಣ ಹೇಳಬಹುದು.

ನೀವು ಕೇಳಿರುವುದು ಶೂ ಎಲ್ಲಿ ಸಿಗುತ್ತದೆ ಎಂದು. ನಾನು ಕೇಳುವುದು ಬೇರೆ: ಡ್ರಮ್ ಯಾರಾದರೂ ಅಳೆದರಾ? ನಿಮ್ಮ ಪತ್ರದಲ್ಲಿ ಆ ಮಾತೇ ಇಲ್ಲ. ಅಲ್ಲೇ ಎಡವಟ್ಟಾಗಿದೆ.

ಡ್ರಮ್ ಎಂದರೆ ಚಕ್ರದ ಜೊತೆಗೇ ತಿರುಗುವ ಕಬ್ಬಿಣದ ಡಬ್ಬಿ. ಶೂ ಎಂದರೆ ಅದರೊಳಗೆ ಕೂರುವ, ಅರ್ಧಚಂದ್ರದಂತೆ ಬಾಗಿದ ಕಬ್ಬಿಣ, ಅದರ ಬೆನ್ನಿಗೆ ಅಂಟಿಸಿದ ಅಥವಾ ರಿವೆಟ್ ಹೊಡೆದ ಲೈನರ್, ಅಂದರೆ ಡ್ರಮ್ಮಿಗೆ ಉಜ್ಜಿ ಹಿಡಿಯುವ ಪಟ್ಟಿ. ಆ ಬಾಗು ಡ್ರಮ್ಮಿನ ಒಳಮೈಯ ಬಾಗಿಗೆ ಸರಿಯಾಗಿ ಕೂರಬೇಕು. ನಿಮ್ಮ ಡ್ರಮ್‌ಗಳಿಗೆ ಐವತ್ತು ವರ್ಷ ದಾಟಿದೆ. ಈ ಐವತ್ತು ವರ್ಷದಲ್ಲಿ ಎಷ್ಟು ಸಲ ಲೇತಿಗೆ ಕೊಟ್ಟು ಕೆತ್ತಿಸಿದ್ದಾರೋ ಯಾರಿಗೆ ಗೊತ್ತು? ಎಡದ್ದು ಎರಡು ಸಲ ಕೆತ್ತಿರಬಹುದು, ಬಲದ್ದು ಒಮ್ಮೆಯೂ ಇಲ್ಲದಿರಬಹುದು. ಹಾಗಾಗಿ 'ಅಂಬಾಸಿಡರ್ ಶೂ' ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಸಾಲದು. ನಿಮ್ಮ ಕಾರಿನ ಡ್ರಮ್ಮಿಗೆ ತಕ್ಕ ಶೂ ಬೇಕು. ಅದು ಅಂಗಡಿಯಲ್ಲಿ ಸಿಗುವುದಕ್ಕಿಂತ ಮಾಡಿಸಿಕೊಳ್ಳುವುದೇ ಜಾಸ್ತಿ.

ಎಡಕ್ಕೆ ಎಳೆಯುವ ವಿಷಯಕ್ಕೆ ಬರೋಣ. ಕಾರು ಎಡಕ್ಕೆ ಎಳೆದರೆ ಎಡ ಚಕ್ರದ ಬ್ರೇಕ್ ಕೆಟ್ಟಿದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಇರುವುದು ತಿರುವುಮುರುವು. ಕಾರು ತಿರುಗುವುದು ಚೆನ್ನಾಗಿ ಹಿಡಿಯುವ ಚಕ್ರದ ಕಡೆಗೆ. ಎಡ ಹಿಡಿಯುತ್ತಿದೆ, ಬಲ ಹಿಡಿಯುತ್ತಿಲ್ಲ, ಅದಕ್ಕೇ ಎಡಕ್ಕೆ ಎಳೆಯುತ್ತದೆ. ನಿಮ್ಮ ಗ್ಯಾರೇಜಿನವರು ಒಳ್ಳೆಯದಿದ್ದ ಕಡೆಗೇ ಹೊಸ ಲೈನರ್ ಹಾಕಿದರು. ಎಳೆತ ಇನ್ನೂ ಜಾಸ್ತಿಯಾಗಿದ್ದು ಅದಕ್ಕೆ. ಬಿಚ್ಚಬೇಕಾಗಿದ್ದುದು ಬಲಗಡೆ.

ಬಲಗಡೆ ಏನಾಗಿರಬಹುದು? ಆರು ವರ್ಷ ಮಲೆನಾಡಿನ ಮಳೆಯಲ್ಲಿ ನಿಂತ ಕಾರು ಅಲ್ವಾ. ನನ್ನ ಮೊದಲ ಅನುಮಾನ ವೀಲ್ ಸಿಲಿಂಡರ್ ಮೇಲೆ, ಅಂದರೆ ಬ್ರೇಕ್ ಆಯಿಲ್ ಒತ್ತಡದಿಂದ ಶೂವನ್ನು ಡ್ರಮ್ಮಿಗೆ ತಳ್ಳುವ ಭಾಗದ ಮೇಲೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಆ ನೀರು ಸಿಲಿಂಡರಿನ ತಳದಲ್ಲಿ ನಿಂತು ತುಕ್ಕು ಹಿಡಿಸುತ್ತದೆ, ಪಿಸ್ಟನ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಎರಡನೇ ಅನುಮಾನ ರಬ್ಬರ್ ಹೋಸ್ ಪೈಪ್. ಹಳೆ ಹೋಸ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಊದಿ ದಾರಿ ಮುಚ್ಚಿರುತ್ತದೆ. ಮೂರನೆಯದು ಲೈನರಿಗೆ ಗ್ರೀಸ್ ಅಥವಾ ಬ್ರೇಕ್ ಆಯಿಲ್ ಸೋರಿರುವುದು. ಈ ಮೂರರಲ್ಲಿ ಯಾವುದಿದ್ದರೂ ಹೊಸ ಶೂ ಹಾಕಿದ ಮಾತ್ರಕ್ಕೆ ಏನೂ ಸರಿಯಾಗುವುದಿಲ್ಲ.

ಏರಿನಲ್ಲಿ ಹಿಂದಕ್ಕೆ ಜಾರಿದರೆ ಹಿಡಿಯುವುದಿಲ್ಲ ಎಂದಿದ್ದೀರಿ. ಇದು ಪೂರ್ತಿ ದೋಷವಲ್ಲ, ಸ್ವಲ್ಪ ಮಟ್ಟಿಗೆ ಈ ಕಾರಿನ ಗುಣ. ಅಂಬಾಸಿಡರ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನಿಂದ ಬಂದದ್ದು. ಅದರ ಬ್ರೇಕು ಲಾಕ್‌ಹೀಡ್ ಪದ್ಧತಿಯದು. ಮುಂದಿನ ಒಂದೊಂದು ಚಕ್ರದಲ್ಲಿ ಎರಡೆರಡು ಸಿಲಿಂಡರ್, ಒಂದೊಂದು ಶೂಗೆ ಒಂದೊಂದು. ಬಾಗಿಲ ಕೆಳಗೆ ಬೆಣೆ ಕೊಟ್ಟು ಬಾಗಿಲನ್ನು ಆ ಕಡೆಗೇ ತಳ್ಳಿ ನೋಡಿ, ಬೆಣೆ ಇನ್ನೂ ಬಿಗಿಯಾಗುತ್ತದೆ. ಈ ಶೂಗಳೂ ಹಾಗೆಯೇ. ಕಾರು ಮುಂದಕ್ಕೆ ಹೋಗುವಾಗ ತಿರುಗುವ ಡ್ರಮ್ಮೇ ಎರಡೂ ಶೂಗಳನ್ನು ತನ್ನ ಕಡೆಗೆ ಎಳೆದುಕೊಂಡು ಬಿಗಿ ಮಾಡುತ್ತದೆ. ಸರ್ವೋ (ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಸಾಧನ) ಇಲ್ಲದ ಹಳೆ ಕಾರು ಬರೀ ಕಾಲಿನ ಬಲಕ್ಕೆ ನಿಲ್ಲುವುದು ಹೀಗೆ. ಚಕ್ರ ಹಿಂದಕ್ಕೆ ತಿರುಗಿದರೆ ಅದೇ ಡ್ರಮ್ ಎರಡೂ ಶೂಗಳನ್ನು ಹೊರಗೆ ತಳ್ಳುತ್ತದೆ. ಆಗ ಮುಂದಿನ ಬ್ರೇಕಿನ ಬಲ ಬಹಳ ಕಡಿಮೆಯಾಗುತ್ತದೆ. ಏರಿನಲ್ಲಿ ಹಿಡಿದು ನಿಲ್ಲಿಸುವ ಕೆಲಸ ಹಿಂದಿನ ಚಕ್ರಗಳದ್ದು ಮತ್ತು ಹ್ಯಾಂಡ್‌ಬ್ರೇಕಿನದು. ನಿಮ್ಮ ಕಾರು ಹೆಚ್ಚೇ ಜಾರುತ್ತಿದ್ದರೆ ಹಿಂದಿನ ಡ್ರಮ್‌ಗಳೂ ಸರಿಯಿಲ್ಲ ಎಂದರ್ಥ. ಆಕ್ಸಲ್ ಸೀಲ್ ಒಣಗಿ ಗೇರ್ ಎಣ್ಣೆ ಹಿಂದಿನ ಲೈನರಿಗೆ ಇಳಿದಿದೆಯಾ ನೋಡಿ. ಈ ಕಾರುಗಳಲ್ಲಿ ನಾನು ಜಾಸ್ತಿ ಕಂಡಿರುವ ಕಾಯಿಲೆ ಅದು.

ಪೆಡಲ್ ಕೆಳಗೆ ಹೋಗಿ, ಎರಡನೇ ತುಳಿತಕ್ಕೆ ಮೇಲೆ ಬಂದು ಗಟ್ಟಿಯಾಗಿ ನಿಂತರೆ ಶೂಗೂ ಡ್ರಮ್ಮಿಗೂ ನಡುವೆ ಅಂತರ ಜಾಸ್ತಿ ಇದೆ, ಅಡ್ಜಸ್ಟ್ ಮಾಡಬೇಕು. ಮೇಲೆ ಬಂದರೂ ಸ್ಪಂಜು ಒತ್ತಿದ ಹಾಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಕಾಲು ಒತ್ತಿ ಹಿಡಿದಾಗ ಮೆಲ್ಲಗೆ ಕೆಳಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಪೆಡಲ್ ತುಳಿದಾಗ ಆಯಿಲನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗಿದೆ. ಕಾರು ನಿಂತಲ್ಲೇ, ಒಂದು ನಿಮಿಷ ಪೆಡಲ್ ಒತ್ತಿ ಹಿಡಿದು ಇದನ್ನು ನೋಡಿಕೊಳ್ಳಿ. ನಿಮ್ಮ ಕಾರಿನದು ಒಂದೇ ಸರ್ಕ್ಯೂಟ್. ಎಲ್ಲೇ ಒಂದು ಕಡೆ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಆದ್ದರಿಂದ ಈ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಈಗ ಡ್ರಮ್ ಕೂರದ ಕಥೆ. ಇದಕ್ಕೆ ನಾಲ್ಕು ಕಾರಣ ಇರಬಹುದು, ಅರದ ಕೆಲಸ ಬರುವುದು ಇವುಗಳಲ್ಲಿ ಒಂದಕ್ಕೂ ಅಲ್ಲ. ಮೊದಲನೆಯದು ಅಡ್ಜಸ್ಟರ್. ಡ್ರಮ್ ಮುಖದಲ್ಲಿರುವ ತೂತಿನಿಂದ ಸ್ಕ್ರೂಡ್ರೈವರ್ ಹಾಕಿ ತಿರುಗಿಸುವುದು ಇದನ್ನೇ. ಮುಂದಿನ ಚಕ್ರಕ್ಕೆ ಎರಡೆರಡು, ಹಿಂದಿನದಕ್ಕೆ ಒಂದೊಂದು. ಹಳೆ ಲೈನರ್ ಸವೆದಂತೆಲ್ಲ ಇವನ್ನು ಮುಂದಕ್ಕೆ ತಿರುಗಿಸುತ್ತಾ ಬಂದಿರುತ್ತಾರೆ. ಹೊಸ ಶೂ ಹಾಕುವ ಮುಂಚೆ ಪೂರ್ತಿ ಹಿಂದಕ್ಕೆ ತಿರುಗಿಸಬೇಕು. ಎಷ್ಟೋ ಕಡೆ ಇದನ್ನೇ ಮರೆಯುತ್ತಾರೆ. ಮುಂದಿನ ಚಕ್ರದಲ್ಲಿ ಒಂದನ್ನು ತಿರುಗಿಸಿ, ಎರಡನೆಯದನ್ನು ಬಿಟ್ಟೇಬಿಡುತ್ತಾರೆ. ಎರಡನೆಯದು, ಹಿಂದಿನ ಚಕ್ರವಾದರೆ ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿಯಾಗಿ ಶೂಗಳನ್ನು ಅಗಲಿಸಿ ಹಿಡಿದಿರುವುದು. ಮೂರನೆಯದು ಡ್ರಮ್ಮಿನ ಅಂಚು. ಲೈನರ್ ಉಜ್ಜಿದ ಜಾಗ ಸವೆದು ಹೊರ ಅಂಚಿನಲ್ಲಿ ಒಂದು ಏಣು ಉಳಿದಿರುತ್ತದೆ. ಹೊಸ ಶೂ ಅದಕ್ಕೆ ತಗುಲಿ ಡ್ರಮ್ ಒಳಗೆ ಹೋಗುವುದಿಲ್ಲ. ನಾಲ್ಕನೆಯದು ಶೂನೇ ಬೇರೆ ಮಾಡೆಲಿನದು, ಅಥವಾ ಲೈನರ್ ದಪ್ಪ ಜಾಸ್ತಿ.

ತುದಿ ಉಜ್ಜಿ ಕೂರಿಸಿದಾಗ ಏನಾಗುತ್ತದೆ? ಲೈನರ್ ನಡುಭಾಗ ಮಾತ್ರ ಡ್ರಮ್ಮಿಗೆ ತಾಗುತ್ತದೆ. ಅಷ್ಟೇ ಜಾಗ ಬೇಗ ಬಿಸಿಯಾಗಿ ಗಾಜಿನಂತೆ ಹೊಳಪು ಬರುತ್ತದೆ, ಆಮೇಲೆ ಹಿಡಿತ ಹೋಗುತ್ತದೆ. ಕಿರಿಚುವ ಶಬ್ದ ತಡೆಯಲು ಲೈನರಿನ ಮೂಲೆಯನ್ನು ಒಂದಿಷ್ಟು ಇಳಿಜಾರಾಗಿ ಉಜ್ಜುವ ಪದ್ಧತಿ ಇದೆ, ಅದು ಸರಿ. ಡ್ರಮ್ ಕೂರಿಸಲಿಕ್ಕೆಂದು ಉಜ್ಜುವುದು ತಪ್ಪು. ಆ ಎಡಗಡೆ ಶೂಗಳ ಲೈನರ್ ಇನ್ನು ಉಪಯೋಗಕ್ಕೆ ಬಾರದು ಎಂದೇ ತಿಳಿಯಿರಿ.

ಹಾಗಾದರೆ ಏನು ಮಾಡಬೇಕು? ನಾಲ್ಕೂ ಡ್ರಮ್ ಬಿಚ್ಚಿ ಅಳೆಯಿರಿ. ಒಳ ಅಳತೆ ತೆಗೆಯುವ ವರ್ನಿಯರ್ ಯಾವ ಲೇತ್ ಅಂಗಡಿಯಲ್ಲೂ ಇರುತ್ತದೆ. ಒಂದೇ ಕಡೆ ಅಳೆದರೆ ಆಗದು. ಸುತ್ತಲೂ ಮೂರು ಕಡೆ ಅಳೆಯಿರಿ, ಡ್ರಮ್ ಮೊಟ್ಟೆಯಾಕಾರ ಆಗಿದೆಯಾ ತಿಳಿಯುತ್ತದೆ. ಒಳಗಡೆ ಒಮ್ಮೆ, ಬಾಯಿಯ ಹತ್ತಿರ ಒಮ್ಮೆ ಅಳೆಯಿರಿ, ಬಾಯಿ ಅಗಲವಾಗಿದೆಯಾ ತಿಳಿಯುತ್ತದೆ. ನಾಲ್ಕೂ ಡ್ರಮ್ಮಿನ ಅಳತೆ ಒಂದು ಹಾಳೆಯಲ್ಲಿ ಬರೆದಿಡಿ. ಈ ಗಾತ್ರದ ಕಾರುಗಳಲ್ಲಿ ಡ್ರಮ್ಮಿನ ಒಳ ವ್ಯಾಸ ಹೊಸದಿದ್ದಾಗ ಇದ್ದದ್ದಕ್ಕಿಂತ ಸುಮಾರು 1.5 ಮಿ.ಮೀ. ತನಕ ಹಿಗ್ಗಬಹುದು ಎಂಬುದು ವಾಡಿಕೆಯ ಮಿತಿ. ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಕೈಪಿಡಿಯದೇ ಅಂತಿಮ. ಮಿತಿ ದಾಟಿದ ಡ್ರಮ್ ಕೆತ್ತಿಸಬೇಡಿ. ತೆಳ್ಳಗಾದ ಡ್ರಮ್ ಬೇಗ ಬಿಸಿಯಾಗುತ್ತದೆ, ಬಿರುಕು ಬಿಡುತ್ತದೆ. ಕೆತ್ತಿಸುವುದಾದರೆ ಮುಂದಿನ ಎರಡನ್ನೂ ಒಂದೇ ಅಳತೆಗೆ, ಹಿಂದಿನ ಎರಡನ್ನೂ ಒಂದೇ ಅಳತೆಗೆ ತನ್ನಿ.

ಇಷ್ಟಾದ ಮೇಲೆ ಶೂ. ನಿಮ್ಮ ಕಾರಿನಲ್ಲಿ ಮೊದಲಿಂದ ಇದ್ದ ಹಳೆ ಶೂಗಳು ಎಲ್ಲಿವೆ? ಗ್ಯಾರೇಜಿನವರು ಮೂಲೆಗೆ ಎಸೆದಿದ್ದರೆ ಇವತ್ತೇ ಹೋಗಿ ತನ್ನಿ. ಆ ಕಬ್ಬಿಣದ ಬಾಗು, ತೂತು, ತುದಿಗಳು ನಿಮ್ಮ ಕಾರಿನ ಬ್ಯಾಕ್ ಪ್ಲೇಟಿಗೆ (ಶೂಗಳನ್ನು ಕೂರಿಸುವ, ತಿರುಗದ ತಗಡಿಗೆ) ಹೊಂದಿಕೊಂಡೇ ಇಷ್ಟು ವರ್ಷ ಓಡಿವೆ. ಅದಕ್ಕಿಂತ ಒಳ್ಳೆಯ ಶೂ ಪೇಟೆಯಲ್ಲಿ ಸಿಗುವುದು ಕಷ್ಟ. ಶೂ ಬಗ್ಗಿಲ್ಲ, ತೂತುಗಳು ಅಗಲವಾಗಿಲ್ಲ, ಲೈನರ್ ಕೂರುವ ಮೈ ತುಕ್ಕು ತಿಂದಿಲ್ಲ ಎಂದಾದರೆ ಅದಕ್ಕೇ ಹೊಸ ಲೈನರ್ ಹೊಡೆಸುವುದು ನನ್ನ ಮೊದಲ ಸಲಹೆ. ಬಸ್ಸು, ಲಾರಿಗಳ ಲೈನರ್ ಹೊಡೆಯುವ ಅಂಗಡಿ ನಮ್ಮ ಎಲ್ಲ ದೊಡ್ಡ ಊರುಗಳಲ್ಲೂ ಇದೆ. ಶಿವಮೊಗ್ಗದಲ್ಲೇ ವಿಚಾರಿಸಿ. ಡ್ರಮ್ಮನ್ನೂ ಜೊತೆಗೆ ಒಯ್ಯಿರಿ, ಶೂ ಮಾತ್ರ ಕಳಿಸಬೇಡಿ. ಕೆತ್ತಿದ ಡ್ರಮ್ಮಿಗೆ ಅಷ್ಟಕ್ಕೆ ತಕ್ಕ ದಪ್ಪದ ಲೈನರ್ ಬೇಕು. ಹೊಡೆದ ಮೇಲೆ ಆ ಡ್ರಮ್ಮಿನ ಬಾಗಿಗೇ ಲೈನರನ್ನು ಗ್ರೈಂಡ್ ಮಾಡಿಸಬೇಕು.

ಸರಿಯಾಗಿದೆಯಾ ಎಂದು ನೋಡಲು ಒಂದು ಚಾಕ್‌ಪೀಸ್ ಸಾಕು. ಡ್ರಮ್ಮಿನ ಒಳಮೈಗೆ ಚಾಕ್ ಬಳಿಯಿರಿ. ಶೂವನ್ನು ಕೈಯಲ್ಲಿ ಒತ್ತಿ ಹಿಡಿದು ಸ್ವಲ್ಪ ಆಚೀಚೆ ಜಾರಿಸಿ. ಬಿಳಿ ಗುರುತು ಲೈನರಿನ ತುದಿಯಿಂದ ತುದಿಗೆ ಬಂದರೆ ಚೆನ್ನಾಗಿದೆ. ನಡುವೆ ಮಾತ್ರ ಬಂದರೆ ಲೈನರಿನ ಬಾಗು ಡ್ರಮ್ಮಿಗಿಂತ ಚಿಕ್ಕದು. ಬ್ರೇಕ್ ಇದೆ, ಆದರೆ ಬಲವಿಲ್ಲ ಎನಿಸುತ್ತದೆ. ಎರಡು ತುದಿಗೆ ಮಾತ್ರ ಬಂದರೆ ಬಾಗು ದೊಡ್ಡದು. ಅಂಥ ಬ್ರೇಕ್ ಗಕ್ಕನೆ ಕಚ್ಚುತ್ತದೆ, ಕಿರಿಚುತ್ತದೆ. ಎರಡರಲ್ಲಿ ನನಗೆ ಹೆಚ್ಚು ಭಯ ಎರಡನೆಯದರದ್ದು.

ರಿವೆಟ್ಟೋ, ಅಂಟೋ ಎಂದು ಕೇಳುತ್ತಾರೆ. ಎರಡೂ ಒಳ್ಳೆಯ ವಿಧಾನವೇ. ಅಂಟಿಸಿದ ಲೈನರನ್ನು ಜಾಸ್ತಿ ಸವೆಯುವ ತನಕ ಬಳಸಬಹುದು. ರಿವೆಟ್ಟಿನದಾದರೆ ರಿವೆಟ್ ತಲೆ ಡ್ರಮ್ಮಿಗೆ ತಾಗುವ ಮುಂಚೆ, ತಲೆಯ ಮೇಲೆ ಸುಮಾರು 0.8 ಮಿ.ಮೀ. ಉಳಿದಿರುವಾಗಲೇ ಬದಲಿಸಬೇಕು. ಆದರೆ ಅಂಟಿಸುವ ಕೆಲಸಕ್ಕೆ ಶೂವಿನ ಮೈಯನ್ನು ಬರೀ ಲೋಹ ಕಾಣುವ ತನಕ ಶುಚಿ ಮಾಡಬೇಕು, ಒತ್ತಿ ಹಿಡಿದು ಒಲೆಯಲ್ಲಿ ಸರಿಯಾದ ಬಿಸಿಗೆ ಕಾಯಿಸಬೇಕು. ಆ ಒಲೆ ಇಲ್ಲದ ಕಡೆ ಅಂಟಿಸಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಹಿಂದೆ ಒಮ್ಮೆ ನಾನು ಅವಸರಕ್ಕೆ ಸಿಕ್ಕಲ್ಲಿ ಅಂಟಿಸಿ ತಂದ ಲೈನರ್ ಮೂರೇ ವಾರದಲ್ಲಿ ಪೂರ್ತಿ ಕಿತ್ತು ಬಂದು ಡ್ರಮ್ಮಿನೊಳಗೆ ಸಿಕ್ಕಿಕೊಂಡಿತು. ಚಕ್ರ ತಿರುಗದೆ ನಿಂತೇಬಿಟ್ಟಿತು. ಊರೊಳಗೆ ಮೆಲ್ಲಗೆ ಹೋಗುತ್ತಿದ್ದುದರಿಂದ ಯಾರಿಗೂ ಏನೂ ಆಗಲಿಲ್ಲ. ಆವತ್ತಿಂದ ಸಣ್ಣ ಊರಿನಲ್ಲಿರುವವರಿಗೆ ನಾನು ರಿವೆಟ್ಟೇ ಹೇಳುವುದು. ಕಣ್ಣಿಗೆ ಕಾಣುವ ಕೆಲಸ ಅದು. ರಿವೆಟ್ಟನ್ನು ನಡುವಿನಿಂದ ಶುರುಮಾಡಿ ತುದಿಗಳ ಕಡೆಗೆ ಹೊಡೆಯುತ್ತಾ ಹೋಗಬೇಕು. ತುದಿಯಿಂದ ಶುರುಮಾಡಿದರೆ ಲೈನರ್ ನಡುವೆ ಉಬ್ಬುತ್ತದೆ. ಹೊಡೆದ ಮೇಲೆ ಲೈನರಿಗೂ ಶೂಗೂ ನಡುವೆ ಒಂದು ಕಾಗದವೂ ತೂರಬಾರದು.

ಲೈನರ್ ಅಂಚಿನಲ್ಲಿ ಕೆಲವೊಮ್ಮೆ ಇಂಗ್ಲಿಷಿನ ಇಇ, ಇಎಫ್, ಎಫ್ಎಫ್ ಎಂಬಂಥ ಎರಡು ಅಕ್ಷರ ಒತ್ತಿರುತ್ತಾರೆ. ಮೊದಲ ಅಕ್ಷರ ತಣ್ಣಗಿರುವಾಗಿನ ಹಿಡಿತ, ಎರಡನೆಯದು ಬಿಸಿಯಾದಾಗಿನ ಹಿಡಿತ. ಹಿಡಿತದ ಅಳತೆಯಾದ ಘರ್ಷಣಾಂಕದಲ್ಲಿ ಇ ಎಂದರೆ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45. ಎರಡನೇ ಅಕ್ಷರ ಮೊದಲಿನದಕ್ಕಿಂತ ಕೆಳಗಿಳಿದಿದ್ದರೆ ಬಿಸಿಯಾದಾಗ ಹಿಡಿತ ಕಡಿಮೆಯಾಗುತ್ತದೆ ಎಂದರ್ಥ. ಘಾಟಿ ಇಳಿಯುವವರು ನೋಡಬೇಕಾದ್ದು ಆ ಎರಡನೇ ಅಕ್ಷರ. ಯಾವುದನ್ನೇ ಹಾಕಿಸಿ, ಎಡಬಲಕ್ಕೆ ಒಂದೇ ಕಂಪನಿಯ ಒಂದೇ ತರದ ಲೈನರ್ ಇರಲಿ. ಚೆನ್ನೈಯ ಸುಂದರಂ, ಬ್ರೇಕ್ಸ್ ಇಂಡಿಯಾದಂಥ ಹೆಸರುಳ್ಳ ತಯಾರಕರ ಮಾಲು ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ.

ಹಳೆ ಶೂ ಕಳೆದೇ ಹೋಗಿದ್ದರೆ ಹುಡುಕಬೇಕು. ಅಂಬಾಸಿಡರ್ ಉತ್ತರಪಾಡಾದ ಕಾರ್ಖಾನೆಯಲ್ಲಿ 2014ರ ತನಕವೂ ತಯಾರಾಯಿತು, ಅದು ನಮ್ಮ ಅದೃಷ್ಟ. ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈಯ ಪುದುಪೇಟೆ, ಕೋಲ್ಕತ್ತದ ಮಲ್ಲಿಕ್ ಬಜಾರ್, ದೆಹಲಿಯ ಕಾಶ್ಮೀರಿ ಗೇಟ್ ಇವೆಲ್ಲ ವಿಚಾರಿಸಬೇಕಾದ ಜಾಗಗಳು. ಅಂಗಡಿಯವರು ಪೆಟ್ರೋಲಾ, ಡೀಸೆಲಾ, ನೋವಾನಾ, ಇಸುಝುನಾ ಎಂದು ಕೇಳುತ್ತಾರೆ. ಹೆಸರು ಹೇಳಿ ಸುಮ್ಮನಾಗಬೇಡಿ. ಬ್ಯಾಕ್ ಪ್ಲೇಟಿನ ಫೋಟೋ, ಇನ್ನೊಂದು ಬದಿಯ ಶೂ, ಡ್ರಮ್ಮಿನ ಅಳತೆ ಜೊತೆಗಿರಲಿ. ಶೂವಿನ ಅಗಲ, ಸ್ಪ್ರಿಂಗ್ ಸಿಕ್ಕಿಸುವ ತೂತುಗಳ ಜಾಗ, ತುದಿಯ ಆಕಾರ, ಈ ಮೂರನ್ನೂ ಒಂದರ ಮೇಲೊಂದು ಇಟ್ಟು ನೋಡಿಯೇ ಕೊಳ್ಳಿ. ಗುಜರಿಯಲ್ಲಿ ಸಿಕ್ಕ ಶೂ ಆದರೂ ಪರವಾಗಿಲ್ಲ, ನಮಗೆ ಬೇಕಾದ್ದು ಕಬ್ಬಿಣ ಮಾತ್ರ. ಲೈನರ್ ಹೇಗೂ ಹೊಸದು ಹೊಡೆಸುತ್ತೇವೆ.

ಕಲ್ನಾರಿನ ಲೈನರ್ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಹಳಬರು ಸುಳ್ಳು ಹೇಳುತ್ತಿಲ್ಲ. ಆ ಲೈನರ್ ಮೆತ್ತಗೆ ಹಿಡಿಯುತ್ತಿತ್ತು, ಡ್ರಮ್ಮನ್ನೂ ಕೆಡಿಸುತ್ತಿರಲಿಲ್ಲ. ಆದರೆ ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರುತ್ತದೆ ಎಂಬುದು ಖಚಿತವಾದ ವಿಷಯ. ರೋಗ ಕಾಣಿಸಿಕೊಳ್ಳುವುದು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಕಳೆದ ಮೇಲೆ. ಬ್ರಿಟನ್ 1999ರಲ್ಲೇ ಇದನ್ನು ನಿಷೇಧಿಸಿತು. ಅಲ್ಲಿ ಇವತ್ತಿಗೂ ಹಳೆ ಮಾರಿಸ್ ಕಾರುಗಳು ಕಲ್ನಾರಿಲ್ಲದ ಲೈನರಿನಲ್ಲೇ ಓಡುತ್ತಿವೆ. ಹೊಸ ಲೈನರ್ ಹಿಡಿಯುವುದೇ ಇಲ್ಲ ಎಂಬ ಮಾತಿಗೆ ಅದೇ ಉತ್ತರ. ನಾನು ಕೆಲಸ ಕಲಿಯುವಾಗ ಡ್ರಮ್ ಬಿಚ್ಚಿದ ಕೂಡಲೇ ಕಂಪ್ರೆಸರ್ ಗಾಳಿ ಹೊಡೆದು ಧೂಳು ಹಾರಿಸುತ್ತಿದ್ದೆವು. ಅದರೊಳಗೆ ಏನಿದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ನಿಮ್ಮ ಕಾರಿನ ಹಳೆ ಲೈನರ್ ಬಹುಶಃ ಕಲ್ನಾರಿನದೇ. ಆದ್ದರಿಂದ ಗಾಳಿ ಹೊಡೆಯಬೇಡಿ, ಪೊರಕೆ ಆಡಿಸಬೇಡಿ. ಸೋಪಿನ ನೀರು ಸಿಂಪಡಿಸಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಒದ್ದೆ ಇರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಬಿಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಬಟ್ಟೆಯ ಮಾಸ್ಕ್ ಈ ಧೂಳಿಗೆ ಸಾಲದು. ಹಳೆ ಸ್ಟಾಕ್, ಪೆಟ್ಟಿಗೆ ಒಡೆದೇ ಇಲ್ಲ ಎಂದು ಯಾರಾದರೂ ಮಾರಲು ಬಂದರೂ ಅದರ ಲೈನರ್ ಉಪಯೋಗಿಸಬೇಡಿ.

ಎಣ್ಣೆ ಕುಡಿದ ಲೈನರನ್ನು ಸ್ಟೋವಿನ ಮೇಲೆ ಕಾಯಿಸಿ, ಎಮರಿ ಪೇಪರಿನಲ್ಲಿ ಉಜ್ಜಿ ಮತ್ತೆ ಹಾಕುವ ಅಭ್ಯಾಸ ಎಲ್ಲ ಕಡೆ ಇದೆ. ಎರಡು ದಿನ ಹಿಡಿಯುತ್ತದೆ. ಒಳಗೆ ಇಳಿದ ಎಣ್ಣೆ ಮುಂದಿನ ಬಿಸಿಗೆ ಮತ್ತೆ ಮೇಲೆ ಬರುತ್ತದೆ. ಕಲ್ನಾರಿನ ಲೈನರ್ ಆದರೆ ಉಜ್ಜುವವನ ಜೀವಕ್ಕೇ ಅಪಾಯ. ಎಣ್ಣೆ ಕುಡಿದ ಲೈನರ್ ಬಿಸಾಡುವುದೇ ಸರಿ.

ಡಿಸ್ಕ್ ಬ್ರೇಕ್ ಹಾಕಿಸಬಹುದಾ? ಆಗುತ್ತದೆ, ಕೊನೆಕೊನೆಯ ಅಂಬಾಸಿಡರ್ ಮಾಡೆಲ್‌ಗಳಲ್ಲಿ ಮುಂದೆ ಡಿಸ್ಕ್ ಬಂದಿತ್ತು. ಆದರೆ ಅದು ಡಿಸ್ಕ್ ಮಾತ್ರ ತಂದು ಸಿಕ್ಕಿಸುವ ಕೆಲಸವಲ್ಲ. ಡ್ರಮ್ ಬ್ರೇಕಿನ ಮಾಸ್ಟರ್ ಸಿಲಿಂಡರಿನಲ್ಲಿ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ವಾಲ್ವ್ ಇರುತ್ತದೆ. ಅದನ್ನು ಹಾಗೇ ಬಿಟ್ಟು ಡಿಸ್ಕ್ ಹಾಕಿದರೆ ಪ್ಯಾಡ್ ಸದಾ ಉಜ್ಜುತ್ತಲೇ ಇರುತ್ತದೆ, ಬಿಸಿಯಾಗುತ್ತದೆ. ಡಿಸ್ಕಿಗೆ ಡ್ರಮ್ಮಿನ ಹಾಗೆ ತಾನೇ ಬಿಗಿಯಾಗುವ ಗುಣ ಇಲ್ಲ, ಹಾಗಾಗಿ ಸರ್ವೋ ಬೇಕಾಗುತ್ತದೆ. ಮುಂದೆ ಹಿಂದೆ ಬ್ರೇಕಿನ ಹಂಚಿಕೆಯೂ ಬದಲಾಗುತ್ತದೆ. ಪೂರ್ತಿ ಗೊತ್ತಿರುವವರು ಮಾಡಿದರೆ ಒಳ್ಳೆಯದು, ಅರ್ಧಂಬರ್ಧ ಮಾಡಿದರೆ ಈಗಿರುವುದಕ್ಕಿಂತ ಅಪಾಯ. ಇನ್ನೊಂದು ಮಾತೂ ಇದೆ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ಹಾಗೆ ನೋಂದಾಯಿಸಿದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಿಮಗೆ ಯಾವುದು ಬೇಕು ಎಂದು ಮೊದಲೇ ಯೋಚಿಸಿ. ಅಪ್ಪನ ಕಾರನ್ನು ಅಪ್ಪ ಓಡಿಸಿದ ಹಾಗೇ ಇಟ್ಟುಕೊಳ್ಳುವ ಆಸೆ ಇದ್ದರೆ ಡ್ರಮ್ಮೇ ಇರಲಿ. ಚೆನ್ನಾಗಿ ಹೊಂದಿಸಿದ ನಾಲ್ಕು ಡ್ರಮ್ ಈ ಕಾರಿನ ವೇಗಕ್ಕೆ ಸಾಕು.

ದೊಡ್ಡ ಮಾಸ್ಟರ್ ಸಿಲಿಂಡರ್ ಮಾತ್ರ ಬೇಡವೇ ಬೇಡ. ಸಿಲಿಂಡರ್ ದೊಡ್ಡದಾದರೆ ಪೆಡಲ್ ಮೇಲೆ ನಿಲ್ಲುತ್ತದೆ, ಆದರೆ ಅದೇ ಕಾಲಿನ ಬಲಕ್ಕೆ ಪೈಪಿನಲ್ಲಿ ಒತ್ತಡ ಕಡಿಮೆಯಾಗುತ್ತದೆ. ಪೆಡಲ್ ಗಟ್ಟಿ, ಬ್ರೇಕ್ ಇಲ್ಲ. ಕೈಯಲ್ಲಿ ಹಣ ಇದ್ದರೆ ಅದನ್ನು ಹೊಸ ಹೋಸ್‌ಗಳಿಗೆ, ಸಿಲಿಂಡರುಗಳಿಗೆ ಹಾಕಿ. ಸಿಲಿಂಡರಿನ ಒಳಮೈಯಲ್ಲಿ ತುಕ್ಕಿನ ಗುಂಡಿ ಬಿದ್ದಿದ್ದರೆ ರಬ್ಬರ್ ಕಿಟ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ. ಹೊಸ ಸಿಲಿಂಡರ್ ಹಾಕಿ, ಇಲ್ಲವೇ ಒಳಗೆ ಸ್ಟೇನ್‌ಲೆಸ್ ಸ್ಟೀಲ್ ಸ್ಲೀವ್ ಕೂರಿಸಿ. ರಬ್ಬರುಗಳನ್ನು ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆಯಬೇಡಿ, ಸಾದಾ ಗ್ರೀಸ್ ಹಚ್ಚಬೇಡಿ. ಊದಿಕೊಂಡು ಹಾಳಾಗುತ್ತವೆ. ಬ್ರೇಕ್ ಆಯಿಲ್ಲಿನಲ್ಲೇ ತೊಳೆಯಬೇಕು.

ಮನೆಯಲ್ಲಿ ನೀವೇ ಮಾಡಬಹುದಾ ಎಂದು ಕೇಳಿದ್ದೀರಿ. ಬಿಚ್ಚುವುದು, ಶುಚಿ ಮಾಡುವುದು, ಅಳೆಯುವುದು, ಶೂ ಜೋಡಿಸುವುದು ಖಂಡಿತ ಆಗುತ್ತದೆ. ಡ್ರಮ್ ಕೆತ್ತುವುದು, ಲೈನರ್ ಹೊಡೆಯುವುದು ಅಂಗಡಿಯ ಕೆಲಸ. ಸಿಲಿಂಡರ್ ಬಿಚ್ಚಿ ಜೋಡಿಸಿ ಅಭ್ಯಾಸ ಇಲ್ಲದಿದ್ದರೆ ಮೊದಲ ಸಲ ಗೊತ್ತಿರುವ ಮೆಕ್ಯಾನಿಕ್ ಪಕ್ಕದಲ್ಲಿರಲಿ. ಕಾರು ಸಮನೆಲದಲ್ಲಿರಲಿ, ಚಕ್ರಕ್ಕೆ ಕಲ್ಲು ಕೊಡಿ, ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ. ಒಂದು ಬದಿ ಪೂರ್ತಿ ಮುಗಿಸಿಯೇ ಇನ್ನೊಂದು ಬದಿ ಬಿಚ್ಚಿ. ಸ್ಪ್ರಿಂಗ್ ಯಾವ ತೂತಿಗೆ, ಶೂವಿನ ಯಾವ ಕಡೆಗೆ ಎಂದು ಗೊಂದಲವಾದಾಗ ನೋಡಿಕೊಳ್ಳಲು ಇನ್ನೊಂದು ಬದಿ ಇರುತ್ತದೆ. ಆದರೆ ಅದು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ ಎಂಬುದು ನೆನಪಿರಲಿ. ಹಳೆ ಸ್ಪ್ರಿಂಗ್ ಜೋತುಬಿದ್ದಿದ್ದರೆ ಹೊಸದು ಹಾಕಿ. ಶೂ ಉಜ್ಜಿಕೊಂಡು ಸರಿಯುವ ಬ್ಯಾಕ್ ಪ್ಲೇಟಿನ ಜಾಗಗಳಿಗೆ ಬಿಸಿ ತಡೆಯುವ ಗ್ರೀಸ್ ತೆಳ್ಳಗೆ ಹಚ್ಚಿ. ಲೈನರಿಗೆ ಗ್ರೀಸ್ ಹತ್ತಿದ ಕೈ ತಾಗಬಾರದು. ಡ್ರಮ್ ಮೇಲೆ ಬಿದ್ದ ಎಣ್ಣೆಯ ಬೆರಳಚ್ಚನ್ನೂ ಒರೆಸಿಬಿಡಿ.

ಜೋಡಿಸಿದ ಮೇಲೆ ಅಡ್ಜಸ್ಟರನ್ನು ಚಕ್ರ ಬಿಗಿಯಾಗುವ ತನಕ ತಿರುಗಿಸಿ, ಚಕ್ರ ಬಿಡುಗಡೆಯಾಗಿ ತಿರುಗುವಷ್ಟು ಹಿಂದಕ್ಕೆ ತನ್ನಿ. ಮುಂದಿನ ಚಕ್ರದಲ್ಲಿ ಎರಡನ್ನೂ ಹೀಗೇ ಮಾಡಿ. ನಡುವೆ ಒಮ್ಮೆ ಪೆಡಲ್ ತುಳಿದರೆ ಶೂ ತನ್ನ ಜಾಗಕ್ಕೆ ಕೂರುತ್ತದೆ, ಆಮೇಲೆ ಮತ್ತೆ ನೋಡಿ. ಹಳೆ ಬ್ರೇಕ್ ಆಯಿಲ್ ಪೂರ್ತಿ ತೆಗೆದು, ಸೀಲ್ ಒಡೆಯದ ಡಬ್ಬಿಯ ಹೊಸದು ಹಾಕಿ, ದೂರದ ಚಕ್ರದಿಂದ ಶುರುಮಾಡಿ ಗಾಳಿ ತೆಗೆಯಿರಿ. ಬ್ರೇಕ್ ಆಯಿಲ್ ಪೇಂಟ್ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ.

ಇನ್ನು ಘಾಟಿ. 1.4 ಟನ್ ತೂಕದ ತುಂಬಿದ ಕಾರು 500 ಮೀಟರ್ ಎತ್ತರ ಬರೀ ಬ್ರೇಕಿನಲ್ಲೇ ಇಳಿದರೆ ಡ್ರಮ್‌ಗಳಿಗೆ ಸೇರುವ ಬಿಸಿ ಎಷ್ಟು ಗೊತ್ತಾ? ಸುಮಾರು 20 ಲೀಟರ್ ತಣ್ಣೀರು ಕುದಿಗೆ ಬರುವಷ್ಟು. ಡ್ರಮ್ ಬಿಸಿಯಾದರೆ ಹಿಗ್ಗುತ್ತದೆ. 9 ಇಂಚಿನ ಡ್ರಮ್ 200 ಡಿಗ್ರಿ ಬಿಸಿ ಏರಿದರೆ ಅರ್ಧ ಮಿಲಿಮೀಟರಿನಷ್ಟು ಅಗಲವಾಗುತ್ತದೆ. ಶೂ ಅಷ್ಟು ದೂರ ಹೆಚ್ಚು ಚಲಿಸಬೇಕು, ಪೆಡಲ್ ಕೆಳಗೆ ಹೋಗುತ್ತದೆ. ಹೊಸ ಡಾಟ್ 3 ಬ್ರೇಕ್ ಆಯಿಲ್ ಕುದಿಯುವುದು 205 ಡಿಗ್ರಿಗೆ ಮೇಲೆ. ತೇವ ಹೀರಿದ್ದು 140ರ ಆಸುಪಾಸಿನಲ್ಲೇ ಕುದಿಯಬಹುದು. ಕುದಿದರೆ ಪೈಪಿನಲ್ಲಿ ಆವಿ, ಪೆಡಲ್ ನೆಲಕ್ಕೆ. ಆರು ವರ್ಷ ಹಳೆಯ ಆಯಿಲ್ ಪೂರ್ತಿ ಬದಲಿಸಿ ಎಂದಿದ್ದು ಇದಕ್ಕೇ.

ಆದ್ದರಿಂದ ಹೊಸ ಲೈನರ್ ಹಾಕಿದ ಮರುದಿನವೇ ಘಾಟಿ ಬೇಡ. ಮೊದಲು ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ ಮೆತ್ತಗೆ, ಪೂರ್ತಿ ನಿಲ್ಲಿಸದೆ, ಇಪ್ಪತ್ತು ಮೂವತ್ತು ಸಲ ಬ್ರೇಕ್ ಹಾಕಿ, ನಡುನಡುವೆ ತಣಿಯಲು ಬಿಡಿ. ಸಾಗರದ ಸುತ್ತಲೇ 200, 300 ಕಿ.ಮೀ. ಓಡಿಸಿ. ಲೈನರ್ ಕೂತ ಮೇಲೆ ಪೆಡಲ್ ಸ್ವಲ್ಪ ಕೆಳಗೆ ಬಂದಿರುತ್ತದೆ, ಮತ್ತೆ ಅಡ್ಜಸ್ಟ್ ಮಾಡಿ. ನಾಲ್ಕೂ ಚಕ್ರದ ಹಿಂಭಾಗ ಒದ್ದೆಯಾಗಿದೆಯಾ ಎಂದು ಬಗ್ಗಿ ನೋಡಿ. ಓಡಿಸಿ ಬಂದ ಕೂಡಲೇ ಒಂದೊಂದು ಚಕ್ರದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಶೂ ಬಿಡುತ್ತಿಲ್ಲ.

ಇದೆಲ್ಲ ಮುಂದಿನ ತಿಂಗಳೊಳಗೆ ಮುಗಿಯದಿದ್ದರೆ ಅಮ್ಮನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಕಾರಿನ ಪ್ರಯಾಣ ಆಮೇಲೆ ಇಟ್ಟುಕೊಳ್ಳಿ. ಮುಗಿದರೆ, ಮಾವಿನಗುಂಡಿ ದಾಟಿ ಇಳಿಜಾರು ಶುರುವಾಗುವ ಮುಂಚೆಯೇ ಮೂರನೇ ಗೇರಿಗೆ, ಕಡಿದಾದ ಕಡೆ ಎರಡನೇ ಗೇರಿಗೆ ಬನ್ನಿ. ಈ ಕಾರಿನ ಮೊದಲ ಗೇರಿಗೆ ಸಿಂಕ್ರೋ (ಓಡುತ್ತಿರುವಾಗ ಗೇರು ಸಲೀಸಾಗಿ ಬೀಳುವಂತೆ ಮಾಡುವ ಭಾಗ) ಇಲ್ಲ, ಓಡುತ್ತಿರುವಾಗ ನಡುದಾರಿಯಲ್ಲಿ ಅದಕ್ಕೆ ಹಾಕಲು ಹೋಗಬೇಡಿ. ಕಾಲನ್ನು ಬ್ರೇಕಿನ ಮೇಲೆ ಇಟ್ಟುಕೊಂಡೇ ಇಳಿಯಬೇಡಿ. ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ. ಸುಟ್ಟ ವಾಸನೆ ಬಂದರೆ ಅಥವಾ ಪೆಡಲ್ ಕೆಳಗಿಳಿದರೆ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಕಾಯಿರಿ. ಬಿಸಿ ಡ್ರಮ್ಮಿಗೆ ನೀರು ಮಾತ್ರ ಹಾಕಬೇಡಿ, ಬಿರುಕು ಬಿಡುತ್ತದೆ.

ಡ್ರಮ್‌ಗಳ ಅಳತೆ ತೆಗೆದ ಮೇಲೆ, ಬಲಗಡೆ ಮುಂದಿನ ಚಕ್ರದೊಳಗೆ ಏನು ಕಂಡಿತು ಎಂಬುದನ್ನೂ ಸೇರಿಸಿ ಮತ್ತೆ ಬರೆಯಿರಿ. ಎಷ್ಟು ದಪ್ಪದ ಲೈನರ್ ಬೇಕು ಎಂಬುದನ್ನು ಆ ಅಳತೆ ನೋಡಿಯೇ ಹೇಳುತ್ತೇನೆ.